ಕೊಡಬೇಕಾದವರು

ಜನವರಿ 9, ಸೋಮವಾರ

ಆಸ್ಪತ್ರೆಯ ಲಾಂಡ್ರಿಗೆ ಹೊರಗಿನವರು ಬರುವುದು ಅಪರೂಪ. ಬಂದರೂ ರೋಗಿಯ ಕಡೆಯವರು, ಇನ್ನೊಂದು ಕಂಬಳಿ ಕೇಳಲು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ವಯಸ್ಸಾದವರೊಬ್ಬರು ಬಾಗಿಲಲ್ಲಿ ನಿಂತಾಗ ನಾನೂ ಹಾಗೇ ಅಂದುಕೊಂಡು, "ಕಂಬಳಿ ಬೇಕಿದ್ರೆ ವಾರ್ಡಿನ ಸಿಸ್ಟರ್ ಹತ್ರ ಚೀಟಿ ಬರೆಸ್ಕೊಂಡು ಬನ್ನಿ" ಎಂದೆ.

"ಕಂಬಳಿ ಅಲ್ಲಮ್ಮ. ನಿಮ್ಮ ಯಜಮಾನರು ಫೋನ್ ಎತ್ತುತ್ತಾ ಇಲ್ಲ. ಮನೆ ಸಾಲದ ಕಂತು ಕಟ್ಟಿ ಐದು ತಿಂಗಳಾಯ್ತು. ಕಾಗದಕ್ಕೆ ನೀವೂ ಸಹಿ ಹಾಕಿದ್ದೀರಲ್ಲ, ಅದಕ್ಕೆ ಇಲ್ಲಿಗೇ ಬಂದೆ."

ಒಗೆಯುವ ಯಂತ್ರಗಳ ಸದ್ದಿಗೆ ಅವರು ದನಿ ಎತ್ತರಿಸಿಯೇ ಹೇಳಬೇಕಾಯಿತು. ಇಸ್ತ್ರಿ ಮೇಜಿನ ಹಿರಿಯ ಕೆಲಸಗಾರ, ನಾವೆಲ್ಲ ಇಸ್ತ್ರಿಯಣ್ಣ ಎನ್ನುವವರು, ತಲೆ ತಗ್ಗಿಸಿ ಒಂದೇ ದಿಂಬಿನ ಚೀಲವನ್ನು ಮತ್ತೆ ಮತ್ತೆ ತೀಡುತ್ತಿದ್ದರು. ಈ ವಿಭಾಗವನ್ನು ನಾನು ನೋಡಿಕೊಳ್ಳಲು ಶುರುಮಾಡಿ ಎಷ್ಟೋ ವರ್ಷವಾಯಿತು. ಇಂದು ಮೊದಲ ಸಲ ಇಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಸಂಜೆ ಇವರು ಕನ್ನಡಕದ ಅಂಗಡಿಯಿಂದ ಬಂದ ಕೂಡಲೇ ಕೇಳಿದೆ. ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಎದುರಿಗೆ ದೊಡ್ಡ ಷೋರೂಮ್ ಆದ ಮೇಲೆ ಅಂಗಡಿಗೆ ಜನ ಬರುವುದೇ ನಿಂತಿತಂತೆ. ಮನೆಯ ಮೇಲಿನ ಸಾಲವನ್ನು ಎರಡು ಸಲ ಹೆಚ್ಚಿಸಿಕೊಂಡರಂತೆ. ಎರಡು ಸಲವೂ "ನವೀಕರಣದ ಕಾಗದ" ಎಂದು ನನ್ನ ಮುಂದೆ ಹಿಡಿದಿದ್ದರು, ನಾನು ಒಲೆಯ ಮುಂದೆ ನಿಂತೇ ಸಹಿ ಹಾಕಿದ್ದೆ.

"ಒಟ್ಟು ಎಷ್ಟು?" ಎಂದೆ.

ಹೇಳಿದರು. ನಾನು ಕುಳಿತುಕೊಂಡೆ.

ಮುಂದಿನ ವರ್ಷದ ಕೊನೆಗೆ ನನ್ನ ನಿವೃತ್ತಿ. ಅಷ್ಟರಲ್ಲಿ ಸಾಲ ತೀರಿ, ಮನೆ ನಮ್ಮದಾಗಿ, ನಾನು ಕಾಲು ಚಾಚಿ ಕೂರುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಈಗ ನಿವೃತ್ತಿಯ ಹಣವನ್ನೆಲ್ಲ ಸುರಿದರೂ ಈ ಹೊಂಡ ತುಂಬುವುದಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ? ಆಸ್ಪತ್ರೆಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇದಕ್ಕಾದರೆ ಬಾಯಿಲ್ಲ.

ಫೆಬ್ರವರಿ 4, ಶನಿವಾರ

ಅಂಗಡಿಗೆ ಬೀಗ ಬಿತ್ತು. ನಾನೇ ಹಾಕಿಸಿದೆ. ಬಾಡಿಗೆ ಕೊಟ್ಟು ನೊಣ ಹೊಡೆಯುತ್ತ ಕೂರಲು ಅಂಗಡಿ ಯಾಕೆ? "ಆ ಷೋರೂಮಿನಲ್ಲೇ ಕೆಲಸ ಕೇಳಿ" ಎಂದೆ. ಗಂಡ ಎನ್ನಿಸಿಕೊಂಡ ಆ ಮನುಷ್ಯ ಮರುದಿನವೇ ಹೋಗಿ ಕೇಳಿ ಸೇರಿಕೊಂಡರು. ಅಲ್ಲಿನ ಮಾಲೀಕನಿಗೆ ನಮ್ಮ ಮಗಳ ವಯಸ್ಸು. ಈಗ ಕೊರಳಿಗೆ ಗುರುತಿನ ಪಟ್ಟಿ ನೇತುಹಾಕಿಕೊಂಡು ಹೋಗುತ್ತಾರೆ. ಅರವತ್ತಕ್ಕೆ ಒಂದು ಕಡಿಮೆ ಇರುವ ವಯಸ್ಸಿನಲ್ಲಿ.

ಅಯ್ಯೋ ಎನ್ನಿಸುವುದಿಲ್ಲ. ಮೋಸ ಮಾಡಿದ್ದು ನಾನಲ್ಲ.

ಬ್ಯಾಂಕಿನ ಕಾರ್ಡನ್ನು ನಾನು ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಬೇಕಾದಷ್ಟು ಚಿಲ್ಲರೆ ಮೇಜಿನ ಮೇಲಿಡುತ್ತೇನೆ. ಎಣಿಸದೆ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಚಹಾ ಕುಡಿಯಲು ಕೂಡ ಹೆಚ್ಚಿಗೆ ಇಡುವುದಿಲ್ಲ. ಲೆಕ್ಕ ಎಂದರೆ ಲೆಕ್ಕ.

ಪಕ್ಕದ ಊರಿನ ಶಾಲೆಯಲ್ಲಿ ಆಟದ ಟೀಚರ್ ಆಗಿರುವ ಮಗಳು ಭಾನುವಾರ ಫೋನ್ ಮಾಡಿದಾಗ, "ಅಪ್ಪನ ದನಿ ಯಾಕೆ ಹಾಗಿದೆ?" ಎಂದಳು. "ನೆಗಡಿ" ಎಂದೆ.

ಮಾರ್ಚ್ 18, ಶನಿವಾರ

ಮಫ್ಲರಿನವರು ಈಗ ಪ್ರತಿ ಶನಿವಾರ ಮನೆಗೇ ಬರುತ್ತಾರೆ. ಮೊದಲ ದಿನವೇ ಕೈಮುಗಿದು ಕೇಳಿಕೊಂಡಿದ್ದೆ, "ಆಸ್ಪತ್ರೆಗೆ ಮಾತ್ರ ಬರಬೇಡಿ." ಮಾತು ಉಳಿಸಿಕೊಂಡಿದ್ದಾರೆ. ಮೊದಲು ಪೊಲೀಸಿನಲ್ಲಿದ್ದರಂತೆ, ನಿವೃತ್ತಿಯಾದ ಮೇಲೆ ಫೈನಾನ್ಸ್ ಕಂಪನಿಯವರು ವಸೂಲಿಗೆ ಇಟ್ಟುಕೊಂಡಿದ್ದಾರೆ. ಬೈಯುವುದಿಲ್ಲ, ಬೆದರಿಸುವುದಿಲ್ಲ. ಬಂದು, ಮಂಡಿ ಹಿಡಿದುಕೊಂಡು ಮೆಲ್ಲಗೆ ಸೋಫಾದಲ್ಲಿ ಕೂರುತ್ತಾರೆ. ಅಷ್ಟೇ. ಕೂತೇ ಇರುತ್ತಾರೆ. ಅವರು ಕೂತಷ್ಟು ಹೊತ್ತು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಟಿವಿ ಹಾಕುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. ನಾನು ಹೇಗೋ ಹೊಂದಿಸಿದ ಅರ್ಧ ಕಂತನ್ನು ಕೊಟ್ಟರೆ ರಸೀದಿ ಬರೆದು, "ಉಳಿದದ್ದು?" ಎನ್ನುತ್ತಾರೆ. ಮತ್ತೆ ಕೂರುತ್ತಾರೆ.

ಇಂದು ಪಕ್ಕದ ಮನೆಯಾಕೆ ಕೊತ್ತಂಬರಿ ಕೇಳುವ ನೆಪದಲ್ಲಿ ಒಳಗೇ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅವರನ್ನೇ ಕೇಳಿಬಿಟ್ಟಳು, "ನೀವು ಇವರಿಗೆ ಏನಾಗ್ಬೇಕು?"

ಆತ ಮಫ್ಲರ್ ಸರಿಮಾಡಿಕೊಂಡು, "ಬೇಕಾದವರು ತಾಯಿ" ಎಂದರು.

ಅವಳು ಹೋದ ಮೇಲೆ, ಮಫ್ಲರಿನವರೂ ಹೋದ ಮೇಲೆ, ನನ್ನ ಗಂಡ ಎನ್ನುವ ಆ ಮನುಷ್ಯ ಕಿಟಕಿಯ ಹತ್ತಿರ ನಿಂತು ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು, "ನಾವು ಅವ್ರಿಗೆ ಏನಾಗ್ಬೇಕು ಅಂತ ಕೇಳಿದ್ರೆ, ಕೊಡಬೇಕಾದವರು ಅನ್ನಬಹುದಿತ್ತು."

ನಗು ಗಂಟಲಿನವರೆಗೆ ಬಂತು. ನುಂಗಿಕೊಂಡೆ. ಇಂಥ ಹೊತ್ತಿನಲ್ಲೂ ತಮಾಷೆ ಹೊಳೆಯುತ್ತದಲ್ಲ ಈ ಮನುಷ್ಯನಿಗೆ ಎಂದು ಸಿಟ್ಟು ಇಮ್ಮಡಿಯಾಯಿತು.

ಏಪ್ರಿಲ್ 12, ಬುಧವಾರ

ಗೇಟಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ. ಮೂರು ತಿಂಗಳಲ್ಲಿ ಹಿಂದಿನ ಬಾಕಿಯನ್ನೆಲ್ಲ ಕಟ್ಟದಿದ್ದರೆ ಮನೆ ಹರಾಜು. ಬೆಳಿಗ್ಗೆ ಹಾಲು ತರಲು ಹೋದವಳು ನೋಡಿದೆ. ಬಿಸಿನೀರು, ಸೋಡಾಪುಡಿ, ಹಳೆಯ ಬ್ರಷ್ಷು ತಂದು ಉಜ್ಜಿದೆ. ರಕ್ತ, ಅಯೋಡಿನ್, ಏನೆಲ್ಲ ಕಲೆ ತೆಗೆದಿದ್ದೇನೆ ಈ ಕೈಯಲ್ಲಿ. ಅಂಟು ಹೋಯಿತು, ಜೊತೆಗೆ ಗೇಟಿನ ಬಣ್ಣವೂ ಹೋಯಿತು. ಈಗ ಅಲ್ಲಿ ಕಾಗದದಷ್ಟೇ ಅಗಲದ ಬೋಳು ಜಾಗ ಇನ್ನೂ ಎದ್ದು ಕಾಣುತ್ತದೆ.

ಮಫ್ಲರಿನವರು ಹೋದ ವಾರವೇ ಹೇಳಿದ್ದರು, "ಹರಾಜಿಗೆ ಹೋದ್ರೆ ಅರ್ಧ ಬೆಲೆಯೂ ಸಿಗಲ್ಲಮ್ಮ. ನೀವೇ ಮಾರಿಬಿಡಿ. ಕಂಪನಿಯವನಾಗಿ ಹೇಳ್ತಿಲ್ಲ."

"ಮನೆ ಮಾತು ಎತ್ತಬೇಡಿ" ಎಂದೆ. ಒಂದೊಂದು ಕಿಟಕಿಗೂ ಎಷ್ಟು ಓವರ್‌ಟೈಮ್ ಮಾಡಿದ್ದೇನೆಂದು ನನಗೆ ಗೊತ್ತು. ಮಗಳಿಗೆ ಉಳಿಸಬೇಕಾದದ್ದು ಇದೊಂದೇ.

ಏಪ್ರಿಲ್ 16, ಭಾನುವಾರ

ತಮ್ಮನ ಮನೆಗೆ ಹೋಗಿ ಬಂದೆ. ಅವನದು ಟೈಲ್ಸ್ ಅಂಗಡಿ. ಈಗ ಚೆನ್ನಾಗಿಯೇ ನಡೆಯುತ್ತಿದೆ. ಮನೆಮುಂದೆ ಬಿಳಿ ಕಾರು. ನಾನು ಎತ್ತಿ ಆಡಿಸಿದ ತಮ್ಮ, ಬಾಯಿಬಿಟ್ಟು ಕೇಳಲು ನನಗೇನು ನಾಚಿಕೆ ಎಂದುಕೊಂಡೇ ಹೋದೆ. ಆದರೂ ಚಹಾ ಆರಿ ಕೆನೆ ಕಟ್ಟುವವರೆಗೆ ಮಾತು ಹೊರಡಲಿಲ್ಲ.

ಕೇಳಿದೆ. ಅವನು ಕತ್ತು ಉಜ್ಜಿಕೊಂಡ. "ಅಕ್ಕ, ಈಗ ಮಾಲಿನ ಮೇಲೆ ಎಲ್ಲಾ ಹಾಕಿಬಿಟ್ಟಿದ್ದೀನಿ. ಆರು ತಿಂಗಳು ಕಾಯ್ತೀಯಾ?" ಅವನ ಹೆಂಡತಿ ಖಾಲಿಯಾಗದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಬರಲಿಲ್ಲ.

ಪಾಪ, ಅವನಾದರೂ ಏನು ಮಾಡುತ್ತಾನೆ. ವ್ಯಾಪಾರ ಎಂದರೆ ಹಾಗೇ. ಅವನು ಕಷ್ಟಪಟ್ಟು ಮೇಲೆ ಬಂದ. ನಮ್ಮ ಮನೆಯ ಗಂಡಸಿಗೆ ಅಂಗಡಿ ನಡೆಸಲು ಬರದಿದ್ದರೆ ಅದು ತಮ್ಮನ ತಪ್ಪೇ? ಬಂದು ಇದನ್ನೇ ಆ ಮನುಷ್ಯನ ಮುಖಕ್ಕೆ ಹೇಳಿದೆ. "ನನ್ನ ತಮ್ಮನನ್ನ ನೋಡಿ ಕಲೀಬಾರದಿತ್ತಾ?" ಊಟ ಮಾಡುತ್ತಿದ್ದರು. ತಟ್ಟೆಯ ಮೇಲೆ ಕೈ ಒಂದು ಕ್ಷಣ ನಿಂತು, ಮತ್ತೆ ಕಲಸತೊಡಗಿತು.

ಮೇ 3, ಬುಧವಾರ

ಹೇಗೆ ಬರೆಯಲಿ.

ಮಧ್ಯಾಹ್ನ ತಮ್ಮನ ಹೆಂಡತಿ ಲಾಂಡ್ರಿಗೆ ಬಂದಳು. ಒಗೆದ ಹೊದಿಕೆಗಳ ರಾಶಿಯ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ, "ಅತ್ತಿಗೆ, ಇದನ್ನ ಹೇಳದೆ ನನಗೆ ಊಟ ಸೇರ್ತಿಲ್ಲ" ಎಂದಳು.

ಎರಡನೆಯ ಸಲ ಹೆಚ್ಚಿಸಿದ ಸಾಲ ನಮ್ಮ ಅಂಗಡಿಗೆ ಅಲ್ಲ. ನಾಲ್ಕು ವರ್ಷದ ಹಿಂದೆ ತಮ್ಮನ ಟೈಲ್ಸ್ ಅಂಗಡಿ ಮುಳುಗುವುದರಲ್ಲಿತ್ತು. ಇವರ ಮುಂದೆ ಕೂತು ಅತ್ತನಂತೆ. ಒಂದೇ ವರ್ಷ, ಅಕ್ಕನಿಗೆ ಮಾತ್ರ ಹೇಳಬೇಡಿ ಭಾವ, ಅವಳ ಮುಂದೆ ನಾನು ಸಣ್ಣವನಾಗಿಬಿಡ್ತೀನಿ ಎಂದನಂತೆ. ಮೊದಲ ವರ್ಷ ಬಡ್ಡಿ ಕೊಟ್ಟ. ಆಮೇಲೆ ಅದೂ ಇಲ್ಲ.

"ಕಾರ್ ತಗೊಂಡ ದಿನ ನಾನು ಜಗಳ ಆಡಿದೆ ಅತ್ತಿಗೆ. ಭಾವ ಏನೂ ಅನ್ನಲ್ಲ ಬಿಡು ಅಂದ್ರು."

ಅವಳನ್ನು ಕಳಿಸಿ ಬಂದು ಕೆಲಸ ಮುಂದುವರಿಸಿದೆ. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳನ್ನು ವಾರ್ಡಿನ ಗಾಡಿಗೆ ತುಂಬಿಸಿಬಿಟ್ಟೆನಂತೆ. ಇಸ್ತ್ರಿಯಣ್ಣ ಏನೂ ಹೇಳದೆ ಬೇರೆ ಮಾಡಿ ಇಟ್ಟರು.

ಸಂಜೆ ಕೇಳಿದೆ, "ನಿಜವಾ?"

"ಹೂಂ."

"ನನ್ನ ತಮ್ಮನನ್ನ ನೋಡಿ ಕಲೀರಿ ಅಂದೆನಲ್ಲ, ಆಗಲಾದ್ರೂ ಒಂದು ಮಾತು ಹೇಳಬಾರದಾಗಿತ್ತಾ?"

"ನಿನಗೆ ತವರು ಅಂತ ಇರೋದು ಅವನೊಬ್ಬ." ಕೊರಳಿನ ಪಟ್ಟಿ ತೆಗೆದು ಮೊಳೆಗೆ ಸಿಕ್ಕಿಸುತ್ತ ಹೇಳಿದರು, "ಅಂಗಡಿ ಮುಳುಗಿಸಿದ್ದು ನಾನೇ ತಾನೆ. ಬೈಸ್ಕೊಳ್ಳೋದು ಹೇಗೂ ಇತ್ತು. ಎರಡೂ ಒಟ್ಟಿಗೇ ಆಗಿಹೋಗಲಿ ಅಂದ್ಕೊಂಡೆ."

ನನಗೆ ಕರುಣೆ ಬರಲಿಲ್ಲ. ಮೈಯೆಲ್ಲ ಉರಿಯಿತು. ಮೂರು ತಿಂಗಳು ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟೆ. ಈ ಮನುಷ್ಯ ಸುಮ್ಮನೆ ಎತ್ತಿಕೊಂಡು, ನಾನು ಎಷ್ಟು ಕೆಟ್ಟವಳಾಗಬಲ್ಲೆ ಎಂದು ನೋಡುತ್ತಿದ್ದರೇ? "ದೊಡ್ಡ ಮನುಷ್ಯ ಆಗೋಕೆ ನಾನೇ ಸಿಕ್ಕಿದ್ನಾ ನಿಮಗೆ" ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರುತ್ತದೆ. ಕೇಳಿಸಲಿ.

ಮೇ 4, ಗುರುವಾರ

ಚಿಲ್ಲರೆ ಎಣಿಸಲು ಕೈ ಬರಲಿಲ್ಲ. ಬ್ಯಾಂಕಿನ ಕಾರ್ಡನ್ನೇ ಮೇಜಿನ ಮೇಲಿಟ್ಟೆ. ಮುಟ್ಟದೆ, ನಡೆದುಕೊಂಡೇ ಹೋದರು.

ಮೇ 11, ಗುರುವಾರ

ಮಾತಿಲ್ಲ. ತಮ್ಮನ ಫೋನ್ ಬಂತು, ಎತ್ತಲಿಲ್ಲ.

ಜೂನ್ 7, ಬುಧವಾರ

ಹೊತ್ತು ಬಹಳವಾಗಿದೆ. ಆದರೂ ಬರೆದುಬಿಡಬೇಕು.

ಊಟದ ಹೊತ್ತಿಗೆ ಷೋರೂಮಿನ ಹುಡುಗಿ ಫೋನ್ ಮಾಡಿದಳು. "ಸರ್ ಫೋನ್ ಆಫ್ ಇದೆ ಮೇಡಂ. ಅವರ ಬಾಕಿ ಸಂಬಳದ ಚೆಕ್ ಇಲ್ಲೇ ಇದೆ, ಯಾವಾಗ ಬಂದು ತಗೋತಾರೆ?"

"ಬಾಕಿ ಯಾಕೆ? ಇವತ್ತು ಬಂದಿಲ್ವಾ?"

ಅವಳು ತಡವರಿಸಿದಳು. ಕೈ ನಿಧಾನ, ಲೆನ್ಸಿನ ಕೆಲಸ ಬೇಗ ಮುಗಿಯುವುದಿಲ್ಲ ಎಂದು ಎರಡು ವಾರದ ಹಿಂದೆಯೇ ಬಿಡಿಸಿದ್ದರಂತೆ.

ಎರಡು ವಾರ. ದಿನಾ ಬೆಳಿಗ್ಗೆ ಎಂಟಕ್ಕೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊರಳಲ್ಲಿ ಆ ಪಟ್ಟಿಯನ್ನೂ ಹಾಕಿಕೊಂಡು ಹೋಗುತ್ತಿದ್ದರಲ್ಲ, ಎಲ್ಲಿಗೆ?

ರಜೆ ಕೇಳಲೂ ಇಲ್ಲ, ಹೊರಟುಬಿಟ್ಟೆ. ಮುಚ್ಚಿದ ಅಂಗಡಿಯ ಮುಂದೆ ಹೋಗಿ ನೋಡಿದೆ. ಬೀಗ. ಪಾರ್ಕಿನ ಬೆಂಚುಗಳನ್ನೆಲ್ಲ ನೋಡಿದೆ. ರೈಲ್ವೆ ಗೇಟಿನ ಹತ್ತಿರ ಹೋಗಲು ಕಾಲು ಒಪ್ಪಲಿಲ್ಲ, ಗೇಟಿನವನನ್ನು ದೂರದಿಂದಲೇ ಕೇಳಿದೆ, "ಇವತ್ತು ಇಲ್ಲಿ ಏನಾದ್ರೂ..." ಅವನು ಇಲ್ಲವೆಂದು ತಲೆಯಾಡಿಸಿದ. ಬಹಳ ಜನ ಹೀಗೆ ಬಂದು ಕೇಳುತ್ತಾರೇನೋ, ಮುಂದೆ ಹೇಳಲು ನನ್ನನ್ನು ಬಿಡಲಿಲ್ಲ.

ಮತ್ತೆ ಆಸ್ಪತ್ರೆಗೇ ಬಂದೆ. ತುರ್ತು ವಿಭಾಗಕ್ಕೆ. ಮೂಲೆಯ ಮಂಚದಲ್ಲಿ ಯಾರನ್ನೋ ಮುಖವೂ ಕಾಣದಂತೆ ಮುಚ್ಚಿದ್ದರು. ನಮ್ಮ ವಿಭಾಗದ್ದೇ ಹೊದಿಕೆ, ಅಂಚಿಗೆ ನೀಲಿ ಹೊಲಿಗೆ, ನಾನೇ ನಿಂತು ಹಾಕಿಸಿದ್ದು. ಅಳತೆ ಚಿಕ್ಕದು ಎಂದು ಎಷ್ಟು ಸಲ ಬರೆದು ಕೊಟ್ಟಿದ್ದೇನೆ, ಕಾಲು ಹೊರಗೆ ಉಳಿದುಬಿಡುತ್ತದೆ ಎಂದು. ಅದೇ ಇಂದು ನನ್ನನ್ನು ಉಳಿಸಿತು. ಆ ಪಾದ ಇವರದ್ದಲ್ಲ. ಇವರ ಎಡಗಾಲಿನ ಹೆಬ್ಬೆರಳು ಸ್ವಲ್ಪ ಸೊಟ್ಟ. ಮಂಚದ ಕಂಬಿ ಹಿಡಿದು ನಿಂತೆ. ಯಾರ ಗಂಡನೋ, ಯಾರ ಅಪ್ಪನೋ ಅಲ್ಲಿ ಮಲಗಿದ್ದರು, ನನಗೆ ಬಂದದ್ದು ಸಮಾಧಾನ. ಅದನ್ನೂ ಬರೆದಿಡುತ್ತೇನೆ.

ಏಳು ಗಂಟೆಗೆ ಮನೆಗೆ ಬಂದರೆ ಗೇಟಿನ ಮುಂದೆ ಇವರು ನಿಂತಿದ್ದರು. ಜೊತೆಗೆ ನನ್ನ ತಮ್ಮ. ಇಬ್ಬರ ಹತ್ತಿರವೂ ಬೀಗದ ಕೈ ಇರಲಿಲ್ಲ.

ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ಊಟ ಆಯ್ತಾ?"

"ಇಲ್ಲ" ಎಂದರು.

ಒಳಗೆ ಬಂದ ಮೇಲೆ ತಮ್ಮನೇ ಹೇಳಿದ. ಭಾವ ಎರಡು ವಾರದಿಂದ ಪ್ರತಿದಿನ ಅವನ ಅಂಗಡಿಗೆ ಬಂದು ಗಲ್ಲಾದ ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದರಂತೆ. ಒಂದು ಮಾತಿಲ್ಲ. ಗಿರಾಕಿಗಳು ಯಾರಿವರು ಎಂದು ಕೇಳಿದರೆ ಅವನಿಗೆ ಉತ್ತರ ತೋಚುತ್ತಿರಲಿಲ್ಲವಂತೆ. "ಬೈದಿದ್ರೆ ನಾನೂ ಬೈತಿದ್ದೆ ಅಕ್ಕ. ಸುಮ್ನೆ ಕೂತ್ರೆ ಏನು ಮಾಡ್ಲಿ? ಕ್ಯಾಲ್ಕುಲೇಟರ್ ಒತ್ತಕ್ಕೂ ಕೈ ಬರ್ತಿರಲಿಲ್ಲ." ಇಂದು ಇಬ್ಬರೂ ಹೋಗಿ ಕಾರು ಮಾರಿ ಬಂದಿದ್ದಾರೆ. ಅದಕ್ಕೇ ಹೊತ್ತಾಯಿತು. ಫೋನು ಚಾರ್ಜ್ ಮುಗಿದು ಸತ್ತಿತ್ತು.

"ಇದನ್ನ ಎಲ್ಲಿ ಕಲಿತ್ರಿ?" ಎಂದು ಇವರನ್ನು ಕೇಳಿದೆ.

"ಮಫ್ಲರಿನವರ ಹತ್ರ. ಬೈದರೆ ಸಾಲಗಾರನಿಗೆ ಧೈರ್ಯ ಬರುತ್ತೆ, ಸುಮ್ನೆ ಕೂರಬೇಕು ಅಂದ್ರು. ಮಂಡಿನೋವು ಮಾತ್ರ ಖಂಡಿತ ಅಂದಿದ್ರು. ನಿಜ."

ತಮ್ಮ ನನ್ನ ಮುಖ ನೋಡದೆ ಲಕೋಟೆಯನ್ನು ಮೇಜಿನ ಮೇಲಿಟ್ಟ. ಉಳಿದದ್ದನ್ನು ತಿಂಗಳು ತಿಂಗಳು ತಂದುಕೊಡುತ್ತಾನಂತೆ. ಅವನ ಕೆನ್ನೆಗೆ ಹೊಡೆಯಬೇಕು ಎಂದು ಒಂದು ತಿಂಗಳಿಂದ ಅಂದುಕೊಂಡಿದ್ದೆ. ಅವನ ತಲೆಯೆಲ್ಲ ನರೆತಿರುವುದನ್ನು ಇಂದು ನೋಡಿದೆ. "ಕೈ ತೊಳ್ಕೊಂಡು ಬಾ" ಎಂದೆ. ಮೊಟ್ಟೆ ಮೂರೇ ಇದ್ದವು. ಮೂವರೂ ಒಂದೊಂದು ತಿಂದೆವು.

ಜುಲೈ 8, ಶನಿವಾರ

ಹಿಂದಿನ ಬಾಕಿ ಕಟ್ಟಿದ್ದಾಯಿತು. ಹರಾಜಿನ ನೋಟಿಸು ಹಿಂದಕ್ಕೆ ಹೋಗಿದೆ. ಆದರೆ ಅಸಲು ಗುಡ್ಡದಂತೆ ಹಾಗೇ ನಿಂತಿದೆ. ಇಬ್ಬರೂ ಅಡುಗೆಮನೆಯಲ್ಲಿ ಕೂತು, ತರಕಾರಿ ಹೆಚ್ಚುತ್ತ, ಹೀಗೆ ಮಾಡಿದರೆ ಹೇಗೆ, ಹಾಗೆ ಮಾಡಿದರೆ ಹೇಗೆ ಎಂದು ನೋಡಿದೆವು. ಎಲ್ಲ ದಾರಿಯೂ ನನ್ನ ನಿವೃತ್ತಿಯ ಹಣವನ್ನು ನುಂಗಿ ಆಮೇಲೂ ಬಾಯಿ ತೆರೆದುಕೊಂಡೇ ಇರುತ್ತದೆ.

"ಮಾರೋಣ" ಎಂದೆ.

ಇವರು ಚಾಕು ಕೆಳಗಿಟ್ಟರು. "ನೀನು ಹೇಳ್ತಿದ್ದೀಯಾ?"

"ಇನ್ಯಾರು ಹೇಳ್ತಾರೆ."

ಮಗಳಿಗೆ ಎಲ್ಲ ಹೇಳಿದೆವು, ಫೋನಿನ ಸ್ಪೀಕರ್ ಹಾಕಿ, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತ. ಮನೆ ನಿನಗೆ ಉಳಿಯುವುದಿಲ್ಲವಲ್ಲ ಎಂದು ನಾನು ಶುರುಮಾಡಿದರೆ, "ಅಮ್ಮ, ಆ ಮನೆ ಕೊಟ್ರೆ ಸಾಲನೂ ಜೊತೆಗೇ ಕೊಟ್ಟ ಹಾಗೆ. ಎರಡೂ ಬೇಡ" ಎಂದಳು. ಆಮೇಲೆ, "ಆರು ತಿಂಗಳು ನೆಗಡಿ ನೆಗಡಿ ಅಂದ್ಯಲ್ಲ" ಎಂದು ಚೆನ್ನಾಗಿ ಬೈದಳು.

ಜುಲೈ 10, ಸೋಮವಾರ

ಇಸ್ತ್ರಿಯಣ್ಣನ ಬೀದಿಯಲ್ಲಿ ಬಾಡಿಗೆ ಕಡಿಮೆ. "ಎರಡು ಕೋಣೆಯ ಮನೆ ಇದ್ರೆ ನೋಡಿ ಅಣ್ಣ. ಸಾಲ ಜಾಸ್ತಿ ಆಗಿದೆ, ಮನೆ ಮಾರ್ತಿದ್ದೀವಿ" ಎಂದೆ. ಎಲ್ಲರೂ ಇದ್ದರು.

"ಆಗಲಮ್ಮ. ನಮಗೆ ಜನವರಿಯಲ್ಲೇ ಗೊತ್ತಿತ್ತು. ನೀವೇ ಹೇಳಲಿ ಅಂತ ಕಾಯ್ತಾ ಇದ್ವಿ" ಎಂದರು. ಹೊದಿಕೆ ಮಡಚುವವಳು ತನಗೂ ಇರುವ ಸಾಲದ ಕಥೆ ತೆಗೆದಳು. ಇನ್ನೊಬ್ಬಳು ತನ್ನ ಅತ್ತೆಯದು. ಊಟದ ಹೊತ್ತು ಮುಗಿದರೂ ಮುಗಿಯಲಿಲ್ಲ.

ಆಗಸ್ಟ್ 26, ಶನಿವಾರ

ಮನೆ ನೋಡಲು ಬಂದ ಮೂರನೆಯ ಕುಟುಂಬ. ಹೆಂಗಸು ಒಂದೊಂದು ಬೀರುವಿನ ಬಾಗಿಲನ್ನೂ ತೆಗೆದು ಮೂಸಿದಳು. "ಅಡುಗೆಮನೆ ಸ್ವಲ್ಪ ಕತ್ತಲೆ ಅಲ್ವಾ" ಎಂದಳು. ನನ್ನ ಬಾಯಿ ತುದಿಗೆ ಏನೋ ಬಂದಿತ್ತು. ಅಷ್ಟರಲ್ಲಿ ಇವರು, "ಬೆಳಿಗ್ಗೆ ಒಂದ್ಸಲ ಬಂದು ನೋಡಿ, ಬಿಸಿಲು ಒಲೆ ಮೇಲೇ ಬೀಳುತ್ತೆ" ಎಂದರು. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆಂದು ಇವರು ನೋಡಿದ್ದರೆಂದೇ ನನಗೆ ಗೊತ್ತಿರಲಿಲ್ಲ.

ಅವರೇ ತೆಗೆದುಕೊಳ್ಳುತ್ತಾರೆ ಎನ್ನಿಸುತ್ತದೆ. ತೆಗೆದುಕೊಂಡರೆ ಈ ಮನೆಯ ಮೇಲ್ಛಾವಣಿಯ ನೀರಿನ ಕೊಳವೆ ಸರಿಮಾಡಿಸಿಕೊಳ್ಳಲು ಹೇಳಬೇಕು.

ಇವರಿಗೆ ಒಂದು ಚಿಕ್ಕ ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನದ ಮೇಲಿನ ಕೆಲಸ ಸಿಕ್ಕಿದೆ. ಮಾಲೀಕರೂ ಇವರ ವಯಸ್ಸಿನವರೇ. ಇಬ್ಬರೂ ನಿಧಾನ.

ಅಕ್ಟೋಬರ್ 13, ಶುಕ್ರವಾರ

ಸಹಿ ಆಯಿತು. ಈ ಸಲ ಕೂತು, ಪ್ರತಿ ಹಾಳೆ ಓದಿ ಹಾಕಿದೆ. ಗುಮಾಸ್ತ ಗೊಣಗಿದ. ಗೊಣಗಲಿ.

ಕಂಪನಿಗೆ ಕೊಡುವುದನ್ನೆಲ್ಲ ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಸ್ವಲ್ಪವೇ. ನಿವೃತ್ತಿಯ ಹಣ ಮಾತ್ರ ಮುಟ್ಟದೆ ಉಳಿಯಿತು. ಮಫ್ಲರಿನವರು ಕಚೇರಿಯ ಮೆಟ್ಟಿಲಿನವರೆಗೆ ಬಂದು, "ಇನ್ನು ಬರಲ್ಲಮ್ಮ" ಎಂದರು. "ಶನಿವಾರ ಬಿಟ್ಟು ಬೇರೆ ದಿನ ಬನ್ನಿ" ಎಂದು ಇವರು ಹೇಳಿದರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಲಿಲ್ಲ. ನಿಂತೇ ಬಂದೆವು. ಯಾರೂ ಅಳಲಿಲ್ಲ.

ನವೆಂಬರ್ 5, ಭಾನುವಾರ

ಸೊಂಟ ಹಿಡಿದುಕೊಂಡಿದೆ, ಎಲ್ಲ ಇವರಿಂದಲೇ. ಬಟ್ಟೆಯ ಬೀರು ಈ ಬಾಡಿಗೆ ಮನೆಯ ಕಿಟಕಿಯ ಪಕ್ಕಕ್ಕೆ ಸರಿಯಾಗಿ ಕೂರುತ್ತದೆ, ಅಳೆದಿದ್ದೇನೆ ಎಂದರು. ಗೇಣಿನಲ್ಲಿ ಅಳೆದಿದ್ದರಂತೆ. ತಳ್ಳಿ ನಿಲ್ಲಿಸಿದರೆ ಅರ್ಧ ಕಿಟಕಿ ಮುಚ್ಚಿಹೋಯಿತು. "ನಿಮ್ಮ ಗೇಣು ನಂಬಿ ಹಗಲಲ್ಲೇ ಲೈಟ್ ಹಾಕ್ಕೊಂಡು ಕೂರಬೇಕಾ?" ಎಂದೆ. "ಬೀರುನೇ ಉಬ್ಬಿದೆ, ನೀನು ತುಂಬಿರೋ ಸೀರೆಗಳಿಗೆ" ಎಂದರು. ಉಬ್ಬುತ್ತದಂತೆ, ಕಬ್ಬಿಣದ ಬೀರು.

ಖಾಲಿ ಮಾಡದೆಯೇ ತಳ್ಳೋಣ ಎಂದು ಹಠ ಹಿಡಿದದ್ದು ಯಾರು? ಇವರು. ಒಂದು ಕಡೆಯಿಂದ ನಾನು ನೂಕುವುದು, ಇನ್ನೊಂದು ಕಡೆಯಿಂದ ಇವರೂ ನನ್ನ ಕಡೆಗೇ ನೂಕುವುದು. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ಬೀರು ಯಾಕೆ ಅಲ್ಲಾಡುತ್ತಿಲ್ಲವೆಂದು. ನನಗೆ ನಗು ತಡೆಯಲಾಗದೆ ನೆಲದ ಮೇಲೆ ಕುಳಿತುಬಿಟ್ಟೆ. ಇವರು ಬೀರುವಿನ ಹಿಂದಿನಿಂದ, "ಏನಾಯ್ತು, ಬಿದ್ಯಾ? ಮಾತಾಡು" ಎಂದು ಕೇಳುತ್ತಲೇ ಇದ್ದರು. ಸಂದಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಬಂದು ನೋಡಲಾಗಲಿಲ್ಲ.

ಕೆಳಗಿನ ಮನೆಯಾಕೆ ಸದ್ದು ಕೇಳಿ ಮೇಲೆ ಬಂದಳು. "ಏನಾದ್ರೂ ತೊಂದ್ರೆನಾ ಅಮ್ಮ?"

"ಏನಿಲ್ಲಮ್ಮ, ಜಗಳ ಆಡ್ತಿದ್ದೀವಿ" ಎಂದೆ.

ಒದ್ದೆ ಟವೆಲ್ಲನ್ನು ಮತ್ತೆ ಹಾಸಿಗೆಯ ಮೇಲೆಯೇ ಎಸೆದಿದ್ದಾರೆ. ಇಡೀ ಆಸ್ಪತ್ರೆಯ ಬಟ್ಟೆ ಒಣಗಿಸುವವಳ ಮನೆಯಲ್ಲಿ. ಈಗ ಒಳಗಿನಿಂದ ಕೂಗುತ್ತಿದ್ದಾರೆ, ಬೀರುವನ್ನು ಬಲಗಡೆಯ ಗೋಡೆಗೆ ಒರಗಿಸಿದರೆ ಹೇಗೆ ಎಂದು. ಎಡಗಡೆಗೇ ಆಗಬೇಕು. ಹೋಗಿ ಹೇಳಿ ಬರುತ್ತೇನೆ, ಇಲ್ಲದಿದ್ದರೆ ಒಬ್ಬರೇ ನೂಕಲು ಶುರುಮಾಡಿಬಿಡುತ್ತಾರೆ.